ಸಿಯಾಟಲ್‌ನಿಂದ ಫೀನಿಕ್ಸ್‌ಗೆ: ಅಪ್ಪ-ಅಮ್ಮ, ಅಣ್ಣನ ಹತ್ತಿರ ಇರೋಕೆ ಆ ಬಿಸಿಲಿಗೆ ಹೋಗಬಹುದಾ?

ತುಂತುರುಮಳೆ ಕೇಳಿದ್ದು:

ಅಣ್ಣನ ಮನೆ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಅಪ್ಪ-ಅಮ್ಮ ಅವನ ಜೊತೆಗೇ ಇದ್ದಾರೆ. ಅಪ್ಪನಿಗೆ 74 ವರ್ಷ, ಶುಗರ್ ಮತ್ತು ಬಿಪಿ ಇದೆ, ಇನ್ಸುಲಿನ್ ತಗೋತಾರೆ. ನಾವು ಸಿಯಾಟಲ್ ಕಡೆಯವರು. ಒಬ್ಬರಿಗೆ ರಿಮೋಟ್ ಕೆಲಸ, ಇನ್ನೊಬ್ಬರು ಅಲ್ಲಿನ ಚಿಪ್ ಕಂಪನಿಗಳಲ್ಲಿ ನೋಡಬೇಕು. ಮಕ್ಕಳು 5 ಮತ್ತು 8ನೇ ಕ್ಲಾಸು.

"ಒಣ ಬಿಸಿಲು, ಏನೂ ಆಗಲ್ಲ" ಅನ್ನೋ ಮಾತು ಬೇಕಾದಷ್ಟು ಕೇಳಿದ್ದಾಯ್ತು. ದಿನಚರಿ ಹೇಗೆ ಬದಲಾಗುತ್ತೆ, ಮನೆ ನೋಡುವಾಗ ಏನು ಗಮನಿಸಬೇಕು, ವಯಸ್ಸಾದವರಿಗೆ ಅಪಾಯ ಎಲ್ಲಿ, ಇಷ್ಟು ತಿಳಿದವರು ಹೇಳಿದರೆ ಉಪಕಾರ.

---

ಬಿಸಿಲಕೋಲು:

ಮೊದಲು ಅಂಕಿ ನೋಡಿಬಿಡಿ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸ್‌ನಲ್ಲಿ 110 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿತ್ತು, ಅಂದರೆ 43 ಸೆಲ್ಸಿಯಸ್. 2024ರಲ್ಲಿ 100 ಫ್ಯಾರನ್‌ಹೀಟ್ ಮುಟ್ಟಿದ ದಿನಗಳು ಒಂದರ ಹಿಂದೆ ಒಂದರಂತೆ 113. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲೂ 110 ದಾಟಿತ್ತು. ಆದರೆ ಕಂಗೆಡಿಸೋದು ಹಗಲಲ್ಲ, ರಾತ್ರಿ. 2023ರ ಜುಲೈ 19ರಂದು ಇಡೀ ದಿನದ *ಕನಿಷ್ಠ* ತಾಪಮಾನವೇ 97, ಅಂದರೆ 36 ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಮೇ ಕಂಡವರು "ನಮಗೇನು ಹೊಸದಾ?" ಅಂತಾರೆ. ಅಲ್ಲಿ ರಾತ್ರಿ ಮಾಳಿಗೆ ಮೇಲೆ ಹಾಸಿಕೊಂಡರೆ ಗಾಳಿಯಾದರೂ ಆಡುತ್ತೆ, ಜೂನ್‌ಗೆ ಮಳೆ ಹಿಡಿಯುತ್ತೆ. ಇಲ್ಲಿ ಕಾಂಕ್ರೀಟು, ಡಾಂಬರು ರಾತ್ರಿಯಿಡೀ ಕಾವು ಬಿಡುತ್ತಲೇ ಇರುತ್ತವೆ. ವರ್ಷಕ್ಕೆ ಬೀಳೋ ಮಳೆ ಹೆಚ್ಚೆಂದರೆ ಏಳೆಂಟು ಇಂಚು.

ಒಣ ಹವೆಯ ಮೋಸ ಏನೆಂದರೆ ಬೆವರು ಬಂದಿದ್ದೇ ಗೊತ್ತಾಗಲ್ಲ, ಬಂದಷ್ಟೇ ಬೇಗ ಆರುತ್ತೆ. ಬಾಯಾರಿಕೆ ಆದಾಗ ಕುಡಿದರಾಯ್ತು ಅಂದುಕೊಂಡವರು ಸಂಜೆ ತಲೆನೋವು ಹಿಡಿದು ಕೂರ್ತಾರೆ.

ಮೇ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಹೊರಗಿನ ಓಡಾಟವೆಲ್ಲ ಬೆಳಿಗ್ಗೆ ಏಳರೊಳಗೆ. ಈ ರಾಜ್ಯದಲ್ಲಿ ಗಡಿಯಾರ ಮುಂದೆ-ಹಿಂದೆ ಮಾಡೋ ಪದ್ಧತಿ ಇಲ್ಲ (ನವಾಹೋ ಪ್ರದೇಶ ಬಿಟ್ಟು), ಹಾಗಾಗಿ ಜೂನ್‌ನಲ್ಲಿ 5:20ಕ್ಕೇ ಸೂರ್ಯೋದಯ. ಊರಿಗೆ ಫೋನ್ ಮಾಡೋರಿಗೂ ಇದು ಅನುಕೂಲ: ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ, ನೆನಪಿಡೋಕೆ ಸುಲಭ. ಸಂಜೆ ವಾಕಿಂಗ್ ಲೆಕ್ಕ ಮಾತ್ರ ಬಿಡಿ, ಎಂಟಾದರೂ ರಸ್ತೆ ಕಾದಿರುತ್ತೆ.

ಇನ್ನು "ಹತ್ತಿರ" ಅನ್ನೋ ಮಾತು. ಇಂಟೆಲ್ ಕ್ಯಾಂಪಸ್ ಚಾಂಡ್ಲರ್‌ನ ದಕ್ಷಿಣದಲ್ಲಿ. ಟಿಎಸ್‌ಎಮ್‌ಸಿಯ ಚಿಪ್ ಕಾರ್ಖಾನೆ ಇರೋದು ಫೀನಿಕ್ಸ್‌ನ ಉತ್ತರ ತುದಿಯಲ್ಲಿ, 17 ಮತ್ತು 303 ಹೆದ್ದಾರಿಗಳು ಸೇರೋ ಕಡೆ. ಎರಡರ ನಡುವೆ 40 ಮೈಲಿಗೂ ಮೇಲೆ. ಉತ್ತರದ ಕಡೆ ಕೆಲಸ ಸಿಕ್ಕಿ ಅಲ್ಲೇ ಮನೆ ಮಾಡಿದರೆ ಒಂದೇ ಊರಲ್ಲಿದ್ದೂ ವಾರಾಂತ್ಯದ ನೆಂಟರಾಗ್ತೀರಿ. ಹಾಗಾಗಿ ಕೆಲಸ ಯಾವ ದಿಕ್ಕಿಗೆ ಅನ್ನೋದು ಗಟ್ಟಿಯಾಗೋ ತನಕ ಮನೆ ಕೊಳ್ಳಬೇಡಿ. ಆಫೀಸಿನ ಪಶ್ಚಿಮಕ್ಕೆ ಮನೆ ಹಿಡಿದರೆ ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಸೂರ್ಯ ಕಣ್ಣಿಗೇ ಕುಕ್ಕುತ್ತಾನೆ, ಅದೊಂದು ನೆನಪಿರಲಿ.

ಅಣ್ಣನ ಮನೆಯಿಂದ ಕಾರಲ್ಲಿ ಹತ್ತು ನಿಮಿಷದೊಳಗೆ ಇರಿ ಅನ್ನೋದಕ್ಕೆ ಪ್ರೀತಿಗಿಂತ ದೊಡ್ಡ ಕಾರಣವಿದೆ. ಜುಲೈ ಮಧ್ಯಾಹ್ನ ಏಸಿ ಕೈಕೊಟ್ಟರೆ ಕೆಲವೇ ಗಂಟೆಗಳಲ್ಲಿ ಮನೆಯೊಳಗೆ 95 ದಾಟುತ್ತೆ, ಮೆಕ್ಯಾನಿಕ್ ಬರೋದು ನಾಳೆಯೋ ನಾಡಿದ್ದೋ. ಆಗ ಮಲಗೋಕೆ ಇನ್ನೊಂದು ಮನೆ ಇದ್ದವರೇ ಪುಣ್ಯವಂತರು. ನಿಮಗೆ ಅವರು, ಅವರಿಗೆ ನೀವು.

ಪರೀಕ್ಷೆ ಮಾಡೋದಾದರೆ ಫೆಬ್ರವರಿಯಲ್ಲಿ ಬರಬೇಡಿ, ಆಗ ಎಲ್ಲರಿಗೂ ಈ ಊರು ಇಷ್ಟವಾಗುತ್ತೆ. ಜುಲೈ ಎರಡನೇ ವಾರ ಹತ್ತು ದಿನಕ್ಕೆ ಬನ್ನಿ. ಮಧ್ಯಾಹ್ನ ನಾಲ್ಕಕ್ಕೆ ಬಿಸಿಲಲ್ಲಿ ನಿಂತ ಕಾರು ಹತ್ತಿ ದಿನಸಿ ತಂದು ನೋಡಿ, ಮಕ್ಕಳನ್ನ ಆ ಹತ್ತೂ ದಿನ ಮನೆಯೊಳಗೇ ಇಟ್ಟುಕೊಂಡು ನೋಡಿ. ಆಮೇಲೂ ಮನಸ್ಸಿದ್ದರೆ ಒಂದು ವರ್ಷ ಬಾಡಿಗೆ, ಅದಾದ ಮೇಲೆ ಖರೀದಿ.

---

ಫಿಲ್ಟರ್_ಬದಲಿಸ್ರಿ:

ಮನಿ ವಿಚಾರ ನಾ ಹೇಳ್ತೀನಿ.

ನಮ್ಮ ಮಂದಿ ಪೂರ್ವದ ಬಾಗಿಲಾನೇ ಬೇಕಂತ ಹಟ ಹಿಡೀತಾರ. ಬಾಗಿಲಾ ಪೂರ್ವಕ್ಕಿದ್ರ ಹಿತ್ತಲ ಪಶ್ಚಿಮಕ್ಕ. ಇಲ್ಲಿ ಮನಿಗಳಾಗ ಅಡಗಿಮನಿ, ಹಾಲು, ದೊಡ್ಡ ಗಾಜಿನ ಸರಿಯೂ ಬಾಗಿಲಾ ಎಲ್ಲಾ ಹಿತ್ತಲ ಕಡೀಗೇ ಇರತಾವ. ಮಧ್ಯಾಹ್ನ ಎರಡರಿಂದ ಏಳರ ತನಕ ಬಿಸಲು ಸೀದಾ ಆ ಗಾಜಿಗೆ. ಏಸಿ ಎಷ್ಟು ದೊಡ್ಡದಿದ್ರೂ ಆ ಖೋಲಿ ತಂಪಾಗೂದಿಲ್ಲ. ಹಿತ್ತಲ ಉತ್ತರ ಇಲ್ಲಾ ದಕ್ಷಿಣಕ್ಕ ಇರೂ ಮನಿ ಹುಡುಕ್ರಿ. ವಾಸ್ತು ಬಿಡಾಕ ಆಗೂದಿಲ್ಲ ಅಂದ್ರ ಹಿತ್ತಲಕ್ಕ ಆಳದ ಪಡಸಾಲಿ ನೆರಳು, ಕಿಟಕಿಗೆ ಹೊರಗಿನಿಂದ 80-90 ಪ್ರತಿಶತದ ಸನ್ ಸ್ಕ್ರೀನ್ ಹಾಕಸ್ರಿ. ಒಳಗಿನ ಪರದೆ ಸಾಲೂದಿಲ್ಲ, ಯಾಕಂದ್ರ ಅಷ್ಟೊತ್ತಿಗೆ ಬಿಸಿ ಗಾಜು ದಾಟಿ ಒಳಗ ಬಂದಿರತೈತಿ.

ಏಸಿ:

ವಯಸ್ಸು ಮದಲ ಕೇಳ್ರಿ. ಹೊರಗಿನ ಯುನಿಟ್ಟಿನ ಪಟ್ಟಿ ಮ್ಯಾಲೆ ತಯಾರಾದ ವರ್ಷ ಇರತೈತಿ. ಈ ಊರಾಗ 12-15 ವರ್ಷ ದಾಟಿದ್ರ ಅದನ್ನ ಬದಲಸೂ ಖರ್ಚು ಮನಿ ರೇಟಿನಾಗ ಹಿಡದು ಚೌಕಾಶಿ ಮಾಡ್ರಿ. ತಂಪಿಗೆ ಆರ್-22 ಅನ್ನೂ ಹಳೇ ಗ್ಯಾಸ್ ಬಳಸೂ ಯುನಿಟ್ ಇದ್ರ ಅದು ಮುಗದ ಕಥಿ, ಅಮೇರಿಕದಾಗ 2020ರಿಂದ ಹೊಸಾ ಆರ್-22 ತಯಾರಿ ಬಂದ್. ಚಳಿಗಾಲದಾಗ ಮನಿ ತಗೊಂಡ್ರ ಇನ್ಸ್‌ಪೆಕ್ಟರ್ "ಹೊರಗ ತಂಪೈತಿ, ಕೂಲಿಂಗ್ ಚೆಕ್ ಮಾಡಿಲ್ಲ" ಅಂತ ಬರದು ಕೈ ತೊಳಕೋತಾನ. ಹಂಗಿದ್ರ ಸರ್ವಿಸ್ ಕಾಗದ ಕೇಳ್ರಿ. ಬ್ಯಾಸಗಿಯಾಗ ಆದ್ರ ನೀವ ಥರ್ಮಾಮೀಟರ್ ಹಿಡದು ನೋಡಬಹುದು: ಒಳಗ ಎಳಕೊಳ್ಳೂ ಗಾಳಿಗೂ ಬಿಡೂ ಗಾಳಿಗೂ 16ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಫರಕ ಇರಬೇಕು.

ಜುಲೈದಾಗ ಕೆಡೂದರಾಗ ಮದಲನೇದು ಕೆಪಾಸಿಟರ್, ಮೋಟಾರ್ ಚಾಲೂ ಆಗಾಕ ಜೋರು ಕೊಡೂ ಭಾಗ. ಡಬ್ಬಿ ಮ್ಯಾಲೆ 45/5 ಮೈಕ್ರೋಫ್ಯಾರಡ್, ±6 ಪ್ರತಿಶತ ಅಂತ ಏನರ ಬರದಿರತೈತಿ. ಕಾವಿಗೆ ಅದು ಸೊರಗತೈತಿ, ಕಂಪ್ರೆಸರ್ ಚಾಲೂ ಆಗೂದಿಲ್ಲ, ಗುಂಯ್ ಅಂತ ಸಪ್ಪಳ ಮಾಡಿ ನಿಲ್ಲತೈತಿ. ಸಾಮಾನಿನ ರೇಟು ಸಣ್ಣದು, ಜುಲೈದಾಗ ಮನುಷ್ಯಾನ್ನ ಕರಸೂ ಖರ್ಚು ದೊಡ್ಡದು. ಏಪ್ರಿಲ್ ಸರ್ವಿಸಿನಾಗನ ಅಳಸಿ, ಕೆಳಗ ಬಂದಿದ್ರ ಬದಲ ಮಾಡಸ್ರಿ. ನೀವ ಕೈ ಹಾಕಬ್ಯಾಡ್ರಿ, ಕರೆಂಟ್ ತಗದಮ್ಯಾಲೂ ಚಾರ್ಜ್ ಉಳದಿರತೈತಿ.

ಎರಡನೇದು ನೀರು ಹೊರಗ ಹೋಗೂ ಕೊಳವಿ. ಏಪ್ರಿಲ್-ಜೂನ್ ಒಣ ಹವಾ, ನೀರೇ ಬರೂದಿಲ್ಲ, ಕಟ್ಟಿದ್ದು ಗೊತ್ತಾಗೂದಿಲ್ಲ. ಮಾನ್ಸೂನ್ ತ್ಯಾವ ಬಂತಂದ್ರ ಒಮ್ಮಿಗಲೇ ನೀರು ಇಳದು ಫ್ಲೋಟ್ ಸ್ವಿಚ್ ಮಶೀನ್ ಬಂದ್ ಮಾಡತೈತಿ, ಇಲ್ಲಾಂದ್ರ ಅಟ್ಟದಿಂದ ಛತ್ತಿಗೆ ಸೋರತೈತಿ. ಜೂನ್ ಕಡೀಗೆ ಒಂದು ಕಪ್ ವಿನೆಗರ್ ಹಾಕಿ ನೀರು ಬಿಟ್ಟು ನೋಡ್ರಿ. ಫಿಲ್ಟರ್ ಧೂಳಿನ ತಿಂಗಳದಾಗ ತಿಂಗಳಿಗೊಂದು, ಮರ್ವ್ (ಫಿಲ್ಟರ್ ಎಷ್ಟು ದಟ್ಟ ಅನ್ನೂ ಅಳತಿ) 8 ಸಾಕು. ಅದಕ್ಕಿಂತ ದಟ್ಟಾಂದು ಒಂದಿಂಚಿನ ಚೌಕಟ್ಟಿನಾಗ ಹಾಕಿದ್ರ ಗಾಳಿ ಕಟ್ಟಿ ಕಾಯಲ್ ಮ್ಯಾಲೆ ಬರ್ಫ ಕೂಡತೈತಿ.

ಎರಡು ಮಾಳಗಿ ಮನಿಗೆ ಬಹಳ ಕಡೆ ಎರಡು ಯುನಿಟ್ ಇರತಾವ. ಒಂದು ಕೆಟ್ರೂ ಇನ್ನೊಂದರಾಗ ರಾತ್ರಿ ಕಳೀಬಹುದು. ಒಂದೇ ಇದ್ರ ಒಂದು ಪೋರ್ಟಬಲ್ ಏಸಿ ಗ್ಯಾರೇಜಿನಾಗ ಇಟ್ಟಿರ್ರಿ.

ಕರೆಂಟು: ಏಪಿಎಸ್ ಇಲ್ಲಾ ಎಸ್‌ಆರ್‌ಪಿ, ಯಾವ ಕಂಪನಿ ಅನ್ನೂದು ಮನಿ ಇರೂ ಜಾಗದ ಮ್ಯಾಲೆ, ನೀವು ಆರಸೂ ಹಂಗಿಲ್ಲ. ಏಪಿಎಸ್ ಟೈಮ್-ಆಫ್-ಯೂಸ್ (ಹೊತ್ತಿಗೆ ತಕ್ಕ ರೇಟಿನ) ಪ್ಲ್ಯಾನಿನಾಗ ಸೋಮವಾರದಿಂದ ಶುಕ್ರವಾರ ಸಂಜಿ 4ರಿಂದ 7 ತುಟ್ಟಿ. 4ರೊಳಗ ಮನಿ 74 ಫ್ಯಾರನ್‌ಹೀಟಿಗೆ ತಂಪ ಮಾಡಿ, ಆಮ್ಯಾಲೆ 80ಕ್ಕ ಬಿಡ್ರಿ. ಮುಪ್ಪಿನವರಿದ್ರ ಅವರ ಖೋಲಿಗೆ ಈ ಆಟ ಬ್ಯಾಡ.

ನೀರು ಗಡಸು. ತೊಗರಿಬ್ಯಾಳಿ ಬೇಯೂದಿಲ್ಲ ಅಂತ ಕುಕ್ಕರಿಗೆ ಬೈಬ್ಯಾಡ್ರಿ, ಕ್ಯಾಲ್ಸಿಯಂ ಕೆಲಸ ಅದು. ಕುಡ್ಯಾಕ, ಬ್ಯಾಳಿಗೆ ಆರ್‌ಓ ನೀರು. ಸಾಫ್ಟ್‌ನರ್ ಹಾಕಿಸಿದ್ರ ಅದರಾಗ ಸೋಡಿಯಂ ಬರತೈತಿ, ಬಿಪಿ ಇರೂ ಅಪ್ಪಾರು ಅದನ್ನ ಕುಡೀಬಾರದು. ಹಿತ್ತಲ ನಲ್ಲಿಗೂ ಬೈಪಾಸ್ ಇಡಸ್ರಿ, ಗಿಡ ಒಣಗತಾವ.

---

ಕಷಾಯ:

ವಯಸ್ಸಾದವರ ವಿಷಯ. ಫೀನಿಕ್ಸ್, ಚಾಂಡ್ಲರ್ ಎರಡೂ ಸೇರಿದ ಮರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಸಂಬಂಧದ ಸಾವು 645. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬೀದಿಯಲ್ಲಿ ಇರುವವರು. ಆದರೆ ಮನೆಯೊಳಗೆ ಸತ್ತವರೂ ಇದ್ದಾರೆ, ಅವರಲ್ಲಿ ಬಹುಪಾಲು ಏಸಿ ಕೆಟ್ಟಿದ್ದ, ಆಫ್ ಮಾಡಿದ್ದ ಮನೆಗಳ ವಯಸ್ಸಾದವರು. ಬಿಲ್ಲಿಗೆ ಹೆದರಿ ಏಸಿ ಆರಿಸೋ ಅಭ್ಯಾಸ ನಮ್ಮ ಹಿರಿಯರಲ್ಲಿ ಇದ್ದೇ ಇದೆ. ಥರ್ಮೋಸ್ಟಾಟ್ ನಿಮ್ಮ ಫೋನಿನಿಂದ ಕಾಣೋ ಹಾಗಿರಲಿ.

ಬಿಪಿಗೆ ಮೂತ್ರ ಹೆಚ್ಚಿಸೋ ಮಾತ್ರೆ ಅಥವಾ ಬೀಟಾ ಬ್ಲಾಕರ್ ಇದ್ದರೆ ಮೇ ತಿಂಗಳೊಳಗೆ ಡಾಕ್ಟರ ಹತ್ತಿರ "ಬೇಸಿಗೆಗೆ ಡೋಸ್ ಬದಲಿಸಬೇಕಾ?" ಅಂತ ಕೇಳಿ. ಮೊದಲನೆಯದು ದೇಹದ ನೀರು ತೆಗೆಯುತ್ತೆ, ಎರಡನೆಯದು ಬಿಸಿಗೆ ಹೃದಯ ಸ್ಪಂದಿಸೋದನ್ನ ತಗ್ಗಿಸುತ್ತೆ. ತಾವೇ ನಿಲ್ಲಿಸಬಾರದು.

ಇನ್ಸುಲಿನ್ ತೆರೆಯದ್ದು ಫ್ರಿಜ್‌ನಲ್ಲಿ, ಬಳಸ್ತಿರೋದು 30 ಸೆಲ್ಸಿಯಸ್ ಒಳಗೆ. ಅಂಚೆಯಲ್ಲಿ ತರಿಸಬೇಡಿ. ಬಿಸಿಲಲ್ಲಿ ನಿಂತ ಲೋಹದ ಅಂಚೆಪೆಟ್ಟಿಗೆಯಲ್ಲಿ ಮಧ್ಯಾಹ್ನ ಪೂರ್ತಿ ಕೂತ ಇನ್ಸುಲಿನ್ ನೋಡೋಕೆ ಚೆನ್ನಾಗೇ ಇರುತ್ತೆ, ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಸಕ್ಕರೆ ಏರಿದಾಗ ಊಟದ ಮೇಲೆ ಅನುಮಾನ ಬರುತ್ತೆ, ಪೆಟ್ಟಿಗೆ ಮೇಲೆ ಬರಲ್ಲ.

ಪಾದ. ಬೇಸಿಗೆ ಮಧ್ಯಾಹ್ನ ಡಾಂಬರು 160 ಫ್ಯಾರನ್‌ಹೀಟ್ ಮುಟ್ಟುತ್ತೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆದರೂ ಬೊಬ್ಬೆ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟಿದ್ದೇ ತಿಳಿಯಲ್ಲ, ಗಾಯ ಒಣಗೋದೂ ನಿಧಾನ. ದಪ್ಪ ಕಾಲುಚೀಲ ಬ್ಯಾಗಲ್ಲಿರಲಿ, ಹೊರಗಿನ ಪ್ರದಕ್ಷಿಣೆ ಬೆಳಿಗ್ಗೆಯೇ ಆಗಲಿ. ರಸ್ತೆಯಲ್ಲಿ ಬಿದ್ದು ಏಳಲಾಗದ ಹಿರಿಯರಿಗೆ ನಿಮಿಷಗಳಲ್ಲೇ ಆಳದ ಸುಟ್ಟಗಾಯ ಆಗುತ್ತೆ, ಒಬ್ಬರೇ ನಡೆಯೋಕೆ ಬಿಡಬೇಡಿ.

ವ್ಯಾಲಿ ಫೀವರ್ ಬಗ್ಗೆ ತಿಳಿದಿರಲಿ. ಮಣ್ಣಿನಲ್ಲಿರೋ ಶಿಲೀಂಧ್ರ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ, ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಒಂದರಿಂದ ಮೂರು ವಾರದಲ್ಲಿ ಕೆಮ್ಮು, ಜ್ವರ, ಸುಸ್ತು. ನ್ಯುಮೋನಿಯಾ ಅಂತ ಆಂಟಿಬಯಾಟಿಕ್ ಕೊಟ್ಟು ಕಳಿಸ್ತಾರೆ, ಕಮ್ಮಿಯಾಗಲ್ಲ. ಹಾಗಾದಾಗ ಈ ಶಿಲೀಂಧ್ರ ಪತ್ತೆಮಾಡೋ "ಕಾಕ್ಸಿ ರಕ್ತಪರೀಕ್ಷೆ ಮಾಡಿ" ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ಶುಗರ್ ಇರೋರಿಗೆ ಇದು ಜೋರಾಗಬಹುದು.

ಚೇಳು: ಬಾರ್ಕ್ ಚೇಳು ಗೋಡೆ ಹತ್ತುತ್ತೆ, ಯುವಿ ಬೆಳಕಿನ ಟಾರ್ಚ್‌ಗೆ ಹಸಿರಾಗಿ ಹೊಳೆಯುತ್ತೆ. ಬಾಗಿಲಡಿಯ ಸಂದಿ ಮುಚ್ಚಿಸಿ, ಶೂ ಕೊಡವಿ ಹಾಕಿ.

---

ತುಂತುರುಮಳೆ:

ಎಲ್ಲರಿಗೂ ವಂದನೆ. ಪೂರ್ವದ ಬಾಗಿಲಿನ ಮಾತು ಅಣ್ಣನಿಗೆ ಕಳಿಸಿದೆ, ಉತ್ತರ ಬಂದಿಲ್ಲ. :) ಇನ್ನೆರಡು: ಸ್ಕೂಲಿನ ದೃಷ್ಟಿಯಿಂದ ಯಾವಾಗ ಬರಬೇಕು? ಮತ್ತೆ ಅಮ್ಮನಿಗೆ ಕೊಡೋಕೆ ನಮ್ಮ ಕುಂಡದ ಕರಿಬೇವಿನ ಗಿಡ ಕಾರಲ್ಲಿ ತರಬಹುದಾ?

---

ಬಿಸಿಲಕೋಲು:

ಸ್ಕೂಲು ಇಲ್ಲಿ ಸೆಪ್ಟೆಂಬರ್‌ಗೆ ಅಲ್ಲ, ಜುಲೈ ಎರಡನೇ ಅರ್ಧದಲ್ಲೇ ಶುರು. ಸಿಯಾಟಲ್‌ನಲ್ಲಿ ಜೂನ್ ಮಧ್ಯ ದಾಟುವವರೆಗೂ ಕ್ಲಾಸು, ಹಾಗಾಗಿ ಮಕ್ಕಳಿಗೆ ಆ ವರ್ಷ ರಜೆ ನಾಲ್ಕೈದೇ ವಾರ. ಜೂನ್ ಕೊನೆ ವಾರ ಸಾಮಾನು ಕಳಿಸಿ, ಇಳಿಸೋ ಆಳುಗಳನ್ನ ಬೆಳಿಗ್ಗೆ ಐದಕ್ಕೇ ಗೊತ್ತು ಮಾಡಿ. ಕ್ರೇಯಾನು, ಮೇಣದ ಬತ್ತಿ, ಔಷಧಿ, ಸ್ಪ್ರೇ ಡಬ್ಬ ಟ್ರಕ್ಕಿಗೆ ಹಾಕಬೇಡಿ. ಪಕ್ಕದ ವಲಯದ ಶಾಲೆಗೂ ಅರ್ಜಿ ಹಾಕೋ ಅವಕಾಶ ಈ ರಾಜ್ಯದಲ್ಲಿದೆ, ಆದರೆ ಜಾಗ ತುಂಬೋಕೆ ಮೊದಲು, ಅಂದರೆ ಚಳಿಗಾಲದಲ್ಲೇ ಹಾಕಿ.

ಕರಿಬೇವು ತರಬೇಡಿ. ಅದು ನಿಂಬೆ ಕುಟುಂಬದ್ದು, ನಿಂಬೆ-ಕಿತ್ತಳೆ ತೋಟ ಹಾಳುಮಾಡೋ ಸಿಲಿಡ್ ಕೀಟಕ್ಕೆ ಆಶ್ರಯ, ಸಾಗಣೆಗೆ ನಿರ್ಬಂಧ ಇದೆ. ಇಲ್ಲಿನ ನರ್ಸರಿಯಲ್ಲೇ ತಗೊಳ್ಳಿ. ಮಧ್ಯಾಹ್ನ ನೆರಳು ಸಿಗೋ ಕಡೆ ಇಡಿ, ಡಿಸೆಂಬರ್-ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟೋ ರಾತ್ರಿ ಹಳೇ ಬೆಡ್‌ಶೀಟ್ ಹೊದಿಸಿ. ನುಗ್ಗೆ, ಮಲ್ಲಿಗೆಗೂ ಈ ಹವೆ ಆಗುತ್ತೆ. ಅಮ್ಮ ಸಂಡಿಗೆ ಇಡೋರಾದರೆ ಮೇ-ಜೂನ್‌ನಲ್ಲಿ ಇಡಲಿ, ಒಂದೇ ದಿನಕ್ಕೆ ಗರಿಗರಿ. ಜುಲೈಯಿಂದ ಧೂಳಿನ ಬಿರುಗಾಳಿ, ಎಲ್ಲ ಮರಳು ಮರಳು.

ಹಾಗೇ, ಕ್ವೀನ್ ಕ್ರೀಕ್, ಬಕೈ ಕಡೆಯ ಹೊಸ ಬಡಾವಣೆ ಅಗ್ಗ ಅಂತ ಕಂಡರೆ ನೀರು ಎಲ್ಲಿಂದ ಅಂತ ಕೇಳಿ. 1980ರ ಅಂತರ್ಜಲ ಕಾಯ್ದೆ ಹೊಸ ಬಡಾವಣೆಗೆ 100 ವರ್ಷದ ನೀರಿನ ಭರವಸೆ ಕೇಳುತ್ತೆ. 2023ರ ಜೂನ್‌ನಲ್ಲಿ, ಬರೀ ಅಂತರ್ಜಲ ನಂಬಿದ ಹೊಸ ಯೋಜನೆಗಳಿಗೆ ರಾಜ್ಯ ತಡೆ ಹಾಕಿತು. ಚಾಂಡ್ಲರ್‌ಗೆ ನದಿ ನೀರಿನ ಪಾಲೂ ಇದೆ.

ತೆರಿಗೆ: ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಇಲ್ಲಿ 2.5 ಶೇಕಡಾ. ಜೊತೆಗೆ ಕಾರಿನ ಬ್ಯಾಟರಿ ಎರಡು-ಮೂರು ವರ್ಷಕ್ಕೊಂದು.

---

ಕಷಾಯ:

ಒಂದು ಬೇರೆ ದಾರಿ. ರಿಮೋಟ್ ಕೆಲಸದವರು ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಆಗಾಗ ಚಾಂಡ್ಲರ್‌ಗೆ ಬಂದಿದ್ದು, ಜುಲೈ-ಆಗಸ್ಟ್ ಎರಡು ತಿಂಗಳು ಅಪ್ಪ-ಅಮ್ಮನನ್ನೇ ಸಿಯಾಟಲ್‌ಗೆ ಕರೆಸಿಕೊಳ್ಳಬಹುದು. ವಿಮಾನದಲ್ಲಿ ಮೂರು ಗಂಟೆ. ಅಣ್ಣನಿಗೂ ಉಸಿರಾಡೋಕೆ ಬಿಡುವು. ಹೀಗೆ ಮಾಡೋದಾದರೆ ಹೊರಡೋ ಮುಂಚೆ ಅವರ ಇನ್ಶೂರೆನ್ಸ್ ವಾಷಿಂಗ್ಟನ್‌ನಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೇನು ಕೊಡುತ್ತೆ ಅಂತ ನೋಡಿ. ಎಷ್ಟೋ ಪ್ಲಾನ್‌ಗಳು ಕೌಂಟಿ ದಾಟಿದರೆ ಮಾಮೂಲು ಡಾಕ್ಟರ ಖರ್ಚು ಕೊಡಲ್ಲ.