ಪುಟ್ಟಿ, ಮೊದಲು ಆ ಬಲ್ಬು ಬದಲಾಯಿಸು

ಪುಟ್ಟಿ, ಗ್ರೂಪಿನಲ್ಲಿ ನೀನು ಹಾಕಿದ ಕೋಳಿಮರಿ ಫೋಟೋ, ಪ್ರಶ್ನೆ ಎರಡೂ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಕೈಕೆಲಸ ಮಾಡಿಕೊಂಡೇ ಕೇಳು.

ಗಿರಿರಾಜ ಕೋಳಿ ಅಂತ ಹೇಳಿ ಹತ್ತು ಮರಿ ಕೊಟ್ಟರು, ಒಂದೊಂದು ಒಂದೊಂದು ಬಣ್ಣ ಇದೆ, ಮೋಸ ಹೋದೆನಾ ಅಂತ ಕೇಳಿದ್ದೀಯ. ಕಪ್ಪಗಿರೋ ಎರಡು ಕಡಕ್‌ನಾಥ್ ಅನ್ನೋ ಕರಿಕೋಳಿ ತಳಿ ಇರಬಹುದು ಅಂತ ಅತ್ತಿಗೆ ಬೇರೆ ಆಸೆ ಹುಟ್ಟಿಸಿದ್ದಾರೆ. ಬಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋಟೋದಲ್ಲಿ ಹತ್ತೂ ಮರಿ ಬಲ್ಬಿನ ಕೆಳಗೆ ಒಂದರ ಮೇಲೊಂದು ಹತ್ತಿ ಕೂತಿವೆ, ನೋಡಿದೆಯಾ? ಎಷ್ಟು ಮುದ್ದಾಗಿವೆ ಅಂತ ಎಲ್ಲರೂ ಹೃದಯ ಹಾಕಿದ್ದೀರಿ. ಅದು ಮುದ್ದಲ್ಲ ಕಣೇ, ಚಳಿ. ನೀನು ಹಾಕಿರೋದು ಎಲ್‌ಇಡಿ ಬಲ್ಬು. ಬೆಳಕು ಬರುತ್ತೆ, ಕಾವು ಬರಲ್ಲ. ಅಂಗಡಿಯಲ್ಲಿ ಹಳೇ ಕಾಲದ ತಂತಿ ಬಲ್ಬು ಕೇಳು, 60 ವ್ಯಾಟಿನದು. ಹತ್ತು ಮರಿಗೆ ಅದು ಸಾಕು.

ಮೊದಲ ವಾರ ಮರಿ ನಿಂತಿರೋ ಜಾಗದಲ್ಲಿ ಸುಮಾರು 35 ಡಿಗ್ರಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗು. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತೆ. ಗುಂಪುಗೂಡಿ ಕಿರುಚಿದರೆ ಚಳಿ, ಬಲ್ಬು ಕೆಳಗಿಳಿಸು. ಮೂಲೆಗೆ ಒತ್ತಿಕೊಂಡು ಬಾಯಿ ಬಿಟ್ಟು ಏದುಸಿರು ಬಿಟ್ಟರೆ ಸೆಕೆ, ಮೇಲೆತ್ತು. ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಬಿದ್ದುಕೊಂಡಿದ್ದರೆ ನೀನೂ ಹೋಗಿ ಮಲಗು. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಳಗಿಡು. ಮೇಲೆ ಗೋಣಿಚೀಲ ಹೊದಿಸು, ಗಾಳಿ ಆಡೋಕೆ ಒಂದು ಕಡೆ ಬಿಟ್ಟು. ಇನ್ನೊಂದು, ಕೆಳಗೆ ಬರೀ ಪೇಪರ್ ಹಾಸಿದ್ದೀಯ. ಜಾರಿ ಜಾರಿ ಮರಿಗಳ ಕಾಲು ಅಗಲಕ್ಕೆ ಸೊಟ್ಟಾಗುತ್ತೆ. ಭತ್ತದ ಹೊಟ್ಟು ಎರಡು ಇಂಚು ಹಾಕು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಇಡು, ಮರಿ ಮುಳುಗದ ಹಾಗೆ.

ಈಗ ಬಣ್ಣ. ನೀನು ಮೋಸ ಹೋಗಿಲ್ಲ. ಗಿರಿರಾಜ ಒಂದೇ ಬಣ್ಣದ ಕೋಳಿ ಅಲ್ಲವೇ ಅಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ, ಹಳ್ಳಿಯ ಹಿತ್ತಲಿಗೆ ಅಂತಲೇ ಬೇರೆ ಬೇರೆ ತಳಿ ಬೆರೆಸಿ ಮಾಡಿದ್ದು. ಒಂದೇ ಪೆಟ್ಟಿಗೆಯಲ್ಲಿ ಕಪ್ಪು, ಕಂದು, ಬೂದಿ ಎಲ್ಲ ಬರುತ್ತೆ. ಅದೂ ಅಲ್ಲದೆ ಈಗ ಮೈಮೇಲೆ ಇರೋದು ತುಪ್ಪಳ, ಗರಿಯಲ್ಲ. ಇನ್ನೊಂದು ತಿಂಗಳಲ್ಲಿ ಗರಿ ಬಂದಾಗ ಯಾವುದು ಯಾವುದು ಅಂತ ನಿನಗೇ ಗುರುತು ಸಿಗಲ್ಲ. ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆ ಇರೋ ಮೂರು ಮರಿ ಇವೆಯಲ್ಲ, ಕಾಡುಕೋಳಿ ಮರಿಯೂ ಹಾಗೇ ಇರುತ್ತೆ. ಒಣಎಲೆ ಮೇಲೆ ಕೂತರೆ ಹದ್ದಿಗೂ ಕಾಣಲ್ಲ.

ಕಪ್ಪು ಎರಡರಲ್ಲಿ ಒಂದಕ್ಕೆ ನೆತ್ತಿಯ ಮೇಲೆ ಬಿಳಿ ಚುಕ್ಕೆ ಇದೆ ಅಲ್ವಾ? ಅದು ಹೆಚ್ಚಾಗಿ ದೊಡ್ಡದಾದ ಮೇಲೆ ಕಪ್ಪು ಬಿಳಿ ಪಟ್ಟೆ ಪಟ್ಟೆ ಕೋಳಿ ಆಗುತ್ತೆ. ಗರಿ ಬೆಳೆಯುವಾಗ ಬಣ್ಣ ಸ್ವಲ್ಪ ಹೊತ್ತು ಬಂದು, ನಿಂತು, ಮತ್ತೆ ಬರುತ್ತೆ, ಅದಕ್ಕೇ ಪಟ್ಟೆ. ಹೇಂಟೆಗೆ ಈ ಗುಣ ಅಪ್ಪನಿಂದ ಮಾತ್ರ ಬರುತ್ತೆ, ಹುಂಜಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬಹುದು. ಎರಡೂ ಕಡೆಯಿಂದ ಬಂದ ಹುಂಜ ಇನ್ನೂ ಬಿಳಚಿಕೊಂಡಿರುತ್ತೆ.

ಅತ್ತಿಗೆಗೆ ಹೇಳು, ಕಡಕ್‌ನಾಥ್ ಗುರುತು ಗರಿಯಲ್ಲಿಲ್ಲ, ಚರ್ಮದಲ್ಲಿದೆ. ಮರಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಟ್ಟೆಯ ತುಪ್ಪಳ ಮೆಲ್ಲಗೆ ಊದು. ಕೆಳಗೆ ಚರ್ಮ ಗುಲಾಬಿ ಕಂಡರೆ ಅಲ್ಲಿಗೆ ಮುಗಿಯಿತು. ನಿಜವಾದದ್ದಕ್ಕೆ ಚರ್ಮ, ಕಾಲು, ಆಮೇಲೆ ಜುಟ್ಟು, ನಾಲಿಗೆ ಎಲ್ಲ ಕಪ್ಪು, ಮೂಳೆಗೂ ಬಣ್ಣ ಇಳಿದಿರುತ್ತೆ. ಮಧ್ಯಪ್ರದೇಶದ ಝಾಬುವಾದ ಕೋಳಿ ಅದು, ಅದರ ಮಾಂಸಕ್ಕೆ 2018ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಮೊಟ್ಟೆಯೂ ಕಪ್ಪು ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗು, ಅದು ತಿಳಿ ಕಂದು ಅಷ್ಟೇ. ಇಷ್ಟೆಲ್ಲ ಹೇಗೆ ಗೊತ್ತು ಅಂದರೆ, ಸಂತೆಯಲ್ಲಿ ಆರು ಕರಿ ಮರಿಗೆ ಕಡಕ್‌ನಾಥ್ ರೇಟು ಕೊಟ್ಟು ತಂದವನು ನಾನೇ. ಎರಡು ತಿಂಗಳಿಗೆ ಆರಕ್ಕೂ ಕೆಂಪು ಜುಟ್ಟು ಬಂತು. ಅಪ್ಪ ಈಗಲೂ ಆಡಿಕೊಳ್ಳುತ್ತಾರೆ.

ಹಾಂ, ಜಾತ್ರೆಯಲ್ಲಿ ಮಕ್ಕಳು ಕೇಳಿದರು ಅಂತ ಗುಲಾಬಿ, ಹಸಿರು ಮರಿ ತಂದು ಇವುಗಳ ಜೊತೆ ಬಿಡಬೇಡ. ಮೊಟ್ಟೆ ಫಾರಂಗೆ ಬೇಡವಾದ ಗಂಡು ಮರಿಗೆ ಬಣ್ಣ ಅದ್ದಿರುತ್ತಾರೆ. ಲಸಿಕೆ ಹಾಕಿರೋದು ಕಡಿಮೆ.

ಲಸಿಕೆ ಅಂದಾಗ ನೆನಪಾಯಿತು. ಐದು ದಿನದ ಮರಿ ಅಂದೆ ಅಲ್ವಾ, ಹಾಗಾದರೆ ಕೊಕ್ಕರೆ ರೋಗಕ್ಕೆ ಲಸೋಟ ಅನ್ನೋ ಲಸಿಕೆ ಹನಿ ಈ ವಾರವೇ ಹಾಕಿಸು. ಕಣ್ಣಿಗೋ ಮೂಗಿಗೋ ಒಂದು ಹನಿ. ಒಂದು ಬಾಟಲಿಯಲ್ಲಿ ಬೇಕಾದಷ್ಟು ಕೋಳಿಗೆ ಆಗುತ್ತೆ, ಕಲಸಿದ ಮೇಲೆ ಇಡೋ ಹಾಗಿಲ್ಲ. ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಪಶು ಆಸ್ಪತ್ರೆಗೆ ಹೋಗು. ಮತ್ತೆ ಬರೀ ನುಚ್ಚು ಹಾಕಬೇಡ, ಮರಿಯ ಫೀಡೇ ಕೊಡು. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡ, ಅವತ್ತೇ ಡಾಕ್ಟರಿಗೆ ತೋರಿಸು. ಹೊಟ್ಟು ಒದ್ದೆ ಆದರೆ ಆ ಕಾಯಿಲೆ ಜಾಸ್ತಿ.

ಬಲ್ಬು ಬದಲಾಯಿಸಿ ಒಂದು ಗಂಟೆ ಬಿಟ್ಟು ಇನ್ನೊಂದು ಫೋಟೋ ಹಾಕು. ಚಿಕ್ಕಪ್ಪ ಆಗಲೇ ಸಾರು ಯಾವಾಗ ಅಂತ ಕೇಳಿದ್ದಾರೆ. ಚಿಕ್ಕಪ್ಪ, ಒಂದೊಂದು ಇನ್ನೂ ನಿಂಬೆಹಣ್ಣಿನಷ್ಟಿದೆ, ಸ್ವಲ್ಪ ತಡೀರಿ.