ಅಪ್‌ಡೇಟ್: ಜಪಾನಿನ ಹಳೇ ಪುಟ್ಟ ವ್ಯಾಕ್ಯೂಮ್ ಕ್ಲೀನರ್, ಕಿಡಿ ನಿಂತಿತು

ಹಿಂದೆ ನಾನಿಲ್ಲಿ ಕೇಳಿದ್ದು ಇಷ್ಟು: 100 ವೋಲ್ಟ್, 400 ವ್ಯಾಟ್‌ನ ಮಷೀನು, ಮೋಟಾರಿನಲ್ಲಿ ನೀಲಿ ಕಿಡಿ, ಸುಟ್ಟ ವಾಸನೆ, ಎಳೆತ (ಗಾಳಿ ಎಳೆಯುವ ಶಕ್ತಿ) ಕಡಿಮೆ. ನೀವು ಹೇಳಿದಂತೆ ಕಿಡಿಗೆ ಕಾರ್ಬನ್ ಬ್ರಷ್ಷೇ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಮೂಲ. ಒಂದು ಬ್ರಷ್ 4 ಮಿ.ಮೀ.ಗೆ ಸವೆದು, ಸ್ಪ್ರಿಂಗ್ ಒತ್ತುತ್ತಲೇ ಇರಲಿಲ್ಲ.

ಅದೇ ಅಳತೆಯದು ಸಿಗಲಿಲ್ಲ. ಸ್ವಲ್ಪ ದಪ್ಪನೆಯ ಜೋಡಿ ತಂದು, ಹೋಲ್ಡರಿನಲ್ಲಿ ಸಲೀಸಾಗಿ ಜಾರುವಷ್ಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರಿಗೆ 600 ನಂಬರಿನ ಸ್ಯಾಂಡ್‌ಪೇಪರ್. ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕಪ್ಪು ಪುಡಿ ಗಟ್ಟಿಯಾಗಿ ಕೂತಿತ್ತು. ಮರದ ಕಡ್ಡಿಯಿಂದ ಒಂದೊಂದನ್ನೂ ಕೆರೆದು ತೆಗೆಯಲೇಬೇಕು, ಬಿಟ್ಟರೆ ಕಿಡಿ ಮತ್ತೆ ಶುರು. ಆಮೇಲೆ ವೇರಿಯಾಕ್‌ನಲ್ಲಿ (ವೋಲ್ಟೇಜ್ ಹೆಚ್ಚು-ಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್) 40 ವೋಲ್ಟ್ ಕೊಟ್ಟು ಅರ್ಧ ಗಂಟೆ ಓಡಿಸಿದರೆ ಹೊಸ ಬ್ರಷ್ ಕಮ್ಯುಟೇಟರಿನ ದುಂಡಿಗೆ ಸರಿಯಾಗಿ ಕೂರುತ್ತದೆ.

ಎಳೆತದ ಕಾರಣ ಬೇರೆ: ಮೋಟಾರಿನ ಮುಂದಿನ ಫೋಮ್ ಅಂಟಂಟಾಗಿ ಪುಡಿಯಾಗಿ ದಾರಿ ಕಟ್ಟಿತ್ತು, ಮುಚ್ಚಳದ ರಬ್ಬರು ಗಟ್ಟಿಯಾಗಿ ಗಾಳಿ ಸೋರುತ್ತಿತ್ತು. ಎರಡನ್ನೂ ಬದಲಿಸಿ. ಒತ್ತಾದ ಫೋಮ್ ಮಾತ್ರ ಬೇಡ; ಎಳೆದುಕೊಂಡ ಗಾಳಿಯೇ ಮೋಟಾರನ್ನು ತಂಪಾಗಿಡುವುದು.

ನಮ್ಮ ಕರೆಂಟಿಗೆ ಹಾಕುವ ಟ್ರಾನ್ಸ್‌ಫಾರ್ಮರ್ 230 ವೋಲ್ಟಿನಿಂದ 100ಕ್ಕೇ ಇಳಿಸಬೇಕು, 110ಕ್ಕಲ್ಲ. ನನ್ನ 500 ವಿಎ (ವೋಲ್ಟ್-ಆಂಪಿಯರ್, ಸಾಮರ್ಥ್ಯದ ಅಳತೆ) ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಿತ್ತು, 750ಕ್ಕೆ ಏರಿಸಿದ್ದೇನೆ. ಕರೆಂಟಿನ ಆವರ್ತನ 50 ಹರ್ಟ್ಸೋ 60 ಹರ್ಟ್ಸೋ ಎಂಬ ಚಿಂತೆ ಬೇಡ, ಬ್ರಷ್ ಮೋಟಾರಿಗೆ ಎರಡೂ ಒಂದೇ.