ವೆಟ್‌ವೆಲ್ ತೋಡು: ಭಾನುವಾರ ಇಳಿತದ ಹೊತ್ತಿಗೆ ನೀರಿನ ಮಾದರಿ ತೆಗೀಲಿಕ್ಕೆ ಯಾರ್ಯಾರು ಬರ್ತೀರಿ?

ಮನೆ 22 · ಶನಿವಾರ ಬೆಳಿಗ್ಗೆ 7.10
ನಿನ್ನೆ ಸಂಜೆ ಐದೂವರೆಗೆ ಮಗಳನ್ನು ಕಯಾಕಿಂಗ್‌ನಿಂದ ಕರ್ಕೊಂಡು ಬರ್ಲಿಕ್ಕೆ ಹೊಳೆಬದಿಗೆ ಹೋಗಿದ್ದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಬೂದು ಬಣ್ಣದ ನೀರು, ಮೇಲೆ ನೊರೆ. ಹುಡುಗಿಯ ಕಾಲು ಮೊಣಕಾಲಿನವರೆಗೆ ಕಪ್ಪು. ಕಾಂಡ್ಲಾ ಕೆಸರಿನ ವಾಸನೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತುಂಟು, ಇದು ಅದಲ್ಲ ಮಾರಾಯ್ರೆ. ಹೊಳೆಗೆ ಸೇರುವ ತೋಡಿನ ಬದಿಯಲ್ಲೇ ಹಿಂದಕ್ಕೆ ನಡೆದೆ. ಕೊಳಚೆ ಪಂಪ್ ಮಾಡುವ ವೆಟ್‌ವೆಲ್ ಕಂಪೌಂಡಿನ ಹಿಂದಿನ ಪೈಪಿನಿಂದ ದಬದಬ ಬೀಳ್ತಾ ಉಂಟು. ಪಂಪಿನ ಸದ್ದೇ ಇಲ್ಲ. ವಿಡಿಯೋ ಮೇಲೆ ಹಾಕಿದ್ದೇನೆ.

ಮನೆ 7 · 7.24
ನಮ್ಮ ಬಾವಿಯ ನೀರು ಹತ್ತು ದಿನದಿಂದ ಕುಡಿಯುದು ಬಿಟ್ಟಿದ್ದೇವೆ. ತೋಡಿಗೂ ಬಾವಿಗೂ ಮೂವತ್ತು ಹೆಜ್ಜೆ ಇಲ್ಲ. ಕೆಂಪುಕಲ್ಲಿನ ನೆಲ, ಎಲ್ಲ ಇಳಿದು ಬರ್ತದೆ.

ಹೋಂಸ್ಟೇ, ಮನೆ 30 · 7.31
ವಿಡಿಯೋ ಗುಂಪಿನ ಒಳಗೇ ಇರ್ಲಿ ಅಕ್ಕ, ದಯವಿಟ್ಟು. ಮೇ ತಿಂಗಳ ಬುಕಿಂಗ್ ಇನ್ನೂ ಉಂಟು. ಹೊರಗೆ ಹೋದ್ರೆ ಒಬ್ಬ ಬರುದಿಲ್ಲ.

ಕಯಾಕ್ ಹುಡುಗ · 7.40
ಅಣ್ಣ, ನನ್ನ ಹೊಟ್ಟೆಪಾಡೂ ಅದೇ ನೀರಿನಲ್ಲಿ. ನಿನ್ನೆ ಬಂದವರಲ್ಲಿ ಇಬ್ಬರು ಮಕ್ಕಳು ನೀರಿಗೆ ಬಿದ್ದು ಬಾಯಿಗೂ ಹೋಗಿತ್ತು. ರಾತ್ರಿ ಅವರ ಅಪ್ಪ ಫೋನ್ ಮಾಡಿ ಕೇಳಿದ್ರು, ನೀರು ಒಳ್ಳೆದುಂಟಲ್ಲ ಅಂತ. ನಾನು ಎಂತ ಹೇಳುದು? ಇವತ್ತಿನ ಎಲ್ಲ ಟ್ರಿಪ್ ಬಂದ್ ಮಾಡಿದ್ದೇನೆ. ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೂ ಹೇಳಿದೆ, ಆ ಮೂಲೆಗೆ ಇಳಿಬೇಡಿ ಅಂತ. ಅವರು ನಕ್ಕರು. "ನಿನಗೆ ಇವತ್ತು ಗೊತ್ತಾದ್ದಾ?"

ಸಂಘದ ಕಾರ್ಯದರ್ಶಿ · 8.05
ಎಲ್ಲರ ಗಮನಕ್ಕೆ. ಕಳೆದ ಮಳೆಗಾಲದ ನಂತರ ಸಂಘದಿಂದ ಎರಡು ಮನವಿ ಕೊಟ್ಟಿದ್ದೇವೆ. ಸ್ಥಳೀಯ ಸಂಸ್ಥೆಯಿಂದ ಬಂದ ಉತ್ತರ: "ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ." ಸಂಬಂಧಪಟ್ಟವರ ಕಚೇರಿಗೆ ಹೋದಾಗ, ಪೈಪ್ ಹಾಕಿ ಹಸ್ತಾಂತರ ಮಾಡಿಯಾಯ್ತು, ಇನ್ನು ನಡೆಸುವುದು ಸ್ಥಳೀಯ ಸಂಸ್ಥೆ ಎಂದರು. ಎರಡೂ ಕಡೆಯ ಸೀಲ್ ಫೈಲಿನಲ್ಲಿ ಭದ್ರ ಇದೆ.

ನಿವೃತ್ತ ಇಂಜಿನಿಯರ್, ಮನೆ 15 · 8.30
ವೆಟ್‌ವೆಲ್ ಅಂದರೆ ಏನು ಅಂತ ಕೆಲವರು ಕೇಳಿದ್ದಾರೆ. ಮನೆಗಳ ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿದು ತಗ್ಗಿನ ಈ ದೊಡ್ಡ ಬಾವಿಗೆ ಬಂದು ಬೀಳುತ್ತದೆ. ಅಲ್ಲಿಂದ ಪಂಪ್ ಅದನ್ನು ಎತ್ತರದ ಎಸ್‌ಟಿಪಿಗೆ, ಅಂದರೆ ಕೊಳಚೆ ಸಂಸ್ಕರಣಾ ಘಟಕಕ್ಕೆ, ತಳ್ಳಬೇಕು. ಪಂಪ್ ನಿಂತಿತು ಅಂತ ಮನೆಗಳಲ್ಲಿ ಯಾರೂ ಫ್ಲಶ್ ನಿಲ್ಲಿಸುವುದಿಲ್ಲವಲ್ಲ. ಬಾವಿ ತುಂಬುತ್ತದೆ, ಬೈಪಾಸ್ ಪೈಪಿನಲ್ಲಿ ಹೊರಗೆ ಬರುತ್ತದೆ. ಕರೆಂಟ್ ಹೋದಾಗ ಜನರೇಟರ್ ಓಡಬೇಕು. ಒಂದು ಪಂಪ್ ಕೆಟ್ಟರೆ ಇನ್ನೊಂದು ಸ್ಟ್ಯಾಂಡ್‌ಬೈ ಇರಬೇಕು. ಆದ್ದರಿಂದ "ವಾಸನೆ ಬರುತ್ತಿದೆ" ಅಂತ ಅರ್ಜಿ ಬರೆದು ಪ್ರಯೋಜನ ಇಲ್ಲ, ವಾಸನೆಗೆ ರಿಜಿಸ್ಟರ್ ಇಲ್ಲ. ಪಂಪಿಗೆ ಉಂಟು. ದಿನಕ್ಕೆ ಎಷ್ಟು ಗಂಟೆ ಓಡಿತು ಎಂಬ ಲಾಗ್‌ಬುಕ್, ಜನರೇಟರಿಗೆ ಹಾಕಿದ ಡೀಸೆಲ್ ಬಿಲ್ಲು, ನಿರ್ವಹಣೆಯ ಗುತ್ತಿಗೆ ಯಾರದ್ದು. ಇವು ಮೂರನ್ನು ಕೇಳಿ.

ಹೊಣೆ ಯಾರದ್ದು ಎಂಬ ಪ್ರಶ್ನೆಗೂ ಉತ್ತರ ಇದೆ. 2017ರ ಫೆಬ್ರವರಿ 22ರಂದು ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಸ್‌ಟಿಪಿ ಕಟ್ಟಲು ಮೂರು ವರ್ಷದ ಗಡುವು ಕೊಟ್ಟಿತ್ತು. ಸಂಸ್ಕರಣಾ ಘಟಕ ನಡೆಸುವ ಕೆಲಸದಿಂದ ಸ್ಥಳೀಯ ಸಂಸ್ಥೆ ನುಣುಚಿಕೊಳ್ಳುವಂತಿಲ್ಲ, ದುಡ್ಡಿಲ್ಲದಿದ್ದರೆ ಬಳಸುವವರಿಂದ ವಸೂಲಿಗೆ ದಾರಿ ಮಾಡಿಕೊಳ್ಳಿ ಅಂತಲೂ ಹೇಳಿತ್ತು.

ಟೀಚರ್, ಮನೆ 3 · 9.15
ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ನೋಡಿ ತಿದ್ದಿ.

ಸಂಘದ ಕಾರ್ಯದರ್ಶಿ · 9.28
ಟೀಚರ್, ಚೆನ್ನಾಗಿದೆ, ಆದರೆ ಎರಡು ಪುಟ ಆಯ್ತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಅದಕ್ಕಿಂತ ಉದ್ದ ಇದ್ದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ಟೀಚರ್, ಮನೆ 3 · 9.50
ಹೌದಾ? ಮೂವತ್ತು ವರ್ಷ ಮಕ್ಕಳಿಗೆ "ವಿವರಿಸಿ ಬರೆಯಿರಿ" ಹೇಳಿದವಳು ನಾನು. ಸರಿ, ಮೂರು ಅರ್ಜಿ ಮಾಡ್ತೇನೆ. ಲಾಗ್‌ಬುಕ್ ಒಂದು, ಡೀಸೆಲ್ ಮತ್ತು ಗುತ್ತಿಗೆ ಒಂದು, ವೆಟ್‌ವೆಲ್ ಪರಿಶೀಲನೆಗೆ ಒಂದು. ಸ್ಥಳಕ್ಕೆ ಹೋಗಿ ನೋಡುವ ಹಕ್ಕು, ದೃಢೀಕೃತ ಮಾದರಿ ಪಡೆಯುವ ಹಕ್ಕು ಎರಡೂ 2005ರ ಕಾಯ್ದೆಯಲ್ಲೇ ಉಂಟು. ಒಂದೊಂದಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನ ಆದ ಮೇಲೂ ಸುದ್ದಿ ಇಲ್ಲದಿದ್ರೆ ಮೇಲ್ಮನವಿ. ನಾಲ್ಕನೆಯದು ಬೇಡ, ಯಾಕೆಂದರೆ ಮಾಲಿನ್ಯ ಮಂಡಳಿ ಎಸ್‌ಟಿಪಿಗೆ ಕೊಟ್ಟ ಸಮ್ಮತಿಯ ಷರತ್ತುಗಳ ರಿಜಿಸ್ಟರ್ ಆಸಕ್ತರು ಯಾರು ಬೇಕಾದರೂ ನೋಡಬಹುದು. 1974ರ ಜಲ ಕಾಯ್ದೆಯ 25ನೇ ಸೆಕ್ಷನ್. ಸೋಮವಾರ ಮಂಡಳಿ ಕಚೇರಿಗೆ ನನ್ನ ಜೊತೆ ಒಬ್ಬರು ಬನ್ನಿ.

ಮನೆ 22 · 10.20
ನಾನು ಬರ್ತೇನೆ ಟೀಚರ್. ಈಗ ನೀರಿನ ಪರೀಕ್ಷೆ ವಿಷಯ. ಈಜು, ದೋಣಿ ಆಟ ಇರುವ ಕರಾವಳಿ ನೀರಿಗೆ ಕೇಂದ್ರ ಮಾಲಿನ್ಯ ಮಂಡಳಿಯ ಮಾನದಂಡ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100. ಹಸಿ ಕೊಳಚೆಯಲ್ಲಿ ಅದು ಹತ್ತು ಲಕ್ಷ ದಾಟುದು ಮಾಮೂಲು. ಅಂದ್ರೆ ಒಂದು ಲೋಟ ಬಿದ್ದರೆ ಎಷ್ಟು ಕೊಡ ನೀರು ಹಾಳು, ಲೆಕ್ಕ ಹಾಕಿ.

ಹೋಂಸ್ಟೇ, ಮನೆ 30 · 10.34
ಪಡುಬಿದ್ರಿಗೆ, ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅದೇ ಸ್ವಚ್ಛ ಬೀಚಿಗೆ ಕೊಡುವ ಬಾವುಟ, ಸಿಕ್ಕಿತು. ನಮ್ಮದೂ ಹಾಗೆ ಆಗ್ತದೆ ಅಂತ ಸಾಲ ಮಾಡಿ ಎರಡು ರೂಮ್ ಕಟ್ಟಿದೆ.

ಮನೆ 22 · 10.41
ಅಲ್ಲಿ ಬಾವುಟ ಹಾರಿಸಿ ಬಿಡುದಲ್ಲ ಅಣ್ಣ, ಸೀಸನ್ನಿನಲ್ಲಿ ತಿಂಗಳಿಗೊಮ್ಮೆಯಾದರೂ ನೀರು ಪರೀಕ್ಷೆ ಮಾಡ್ಬೇಕು. ಫಲಿತಾಂಶ ಬೀಚಿನ ಬೋರ್ಡಿನಲ್ಲಿ ಹಾಕ್ಬೇಕು. ಅಂಥ ಒಂದು ಬೋರ್ಡು ಇಲ್ಲಿ ದೋಣಿ ಕಟ್ಟೆಯ ಹತ್ರ ಇದ್ದಿದ್ರೆ ನಮ್ಮ ಹುಡುಗ ನಿನ್ನೆ ಫೋನಿನಲ್ಲಿ ತಡವರಿಸ್ಬೇಕಿತ್ತಾ? ಇದನ್ನೂ ಮನವಿಯಲ್ಲಿ ಸೇರಿಸುವ. ವಿಡಿಯೋ ಸದ್ಯ ಹೊರಗೆ ಹಾಕುದಿಲ್ಲ, ಆದ್ರೆ ಮುಚ್ಚಿಡ್ಲಿಕ್ಕೂ ನನ್ನಿಂದಾಗುದಿಲ್ಲ.

ನಿವೃತ್ತ ಇಂಜಿನಿಯರ್, ಮನೆ 15 · 11.00
ಮಾದರಿ ಭಾನುವಾರ ತೆಗೆಯಿರಿ. ಇಳಿತ ಬೆಳಿಗ್ಗೆ ಏಳರ ಹೊತ್ತಿಗೆ ತಳ ಮುಟ್ಟುತ್ತದೆ. ಭರತದ ಹೊತ್ತಿಗೆ ತೆಗೆದರೆ ಸಮುದ್ರದ ನೀರು ಒಳಗೆ ಬಂದು ಎಲ್ಲ ತೆಳ್ಳಗಾಗಿ ಚೆಂದ ಕಾಣುತ್ತದೆ. ಪರಿಶೀಲನೆಗೆ ಬರುವವರು ಯಾಕೋ ಯಾವಾಗಲೂ ಭರತದ ಹೊತ್ತಿಗೇ ಬರುತ್ತಾರೆ. ವೆಟ್‌ವೆಲ್‌ಗಿಂತ ಮೇಲೆ ಒಂದು, ಪೈಪಿನ ಬಾಯಿಯಲ್ಲಿ ಒಂದು, ತೋಡು ಹೊಳೆ ಸೇರುವಲ್ಲಿ ಒಂದು, ದೋಣಿ ಕಟ್ಟೆಯಲ್ಲಿ ಒಂದು. ಪ್ರಯೋಗಾಲಯದವರು ಕೊಡುವ ಶುದ್ಧ ಬಾಟಲಿಯಲ್ಲೇ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅವತ್ತೇ ಮುಟ್ಟಿಸಬೇಕು. ನಮ್ಮ ವರದಿ ಕೋರ್ಟಿಗೆ ಸಾಲದು. ಮಂಡಳಿಯವರು ತಾವೇ ಬಂದು ಮಾದರಿ ತೆಗೆಯುವಂತೆ ಮಾಡಲಿಕ್ಕೆ ಸಾಕು.

ಮೇಲಿನ ಮಾದರಿ ಯಾಕೆ ಅಂತ ಕೇಳಬಹುದು. ವೆಟ್‌ವೆಲ್‌ಗಿಂತ ಮೇಲೂ ನೀರು ಕೆಟ್ಟಿದ್ದರೆ, ಅದು ಪಂಪಿನದ್ದಲ್ಲ. ನಮ್ಮದು.

ಮನೆ 18 · 11.12
ನಮ್ಮದು ಅಂದ್ರೆ?

ನಿವೃತ್ತ ಇಂಜಿನಿಯರ್, ಮನೆ 15 · 11.15
ಮೂರನೇ ಅಡ್ಡರಸ್ತೆಯಲ್ಲಿ ಯುಜಿಡಿ (ಒಳಚರಂಡಿ) ಸಂಪರ್ಕ ತೆಗೆದುಕೊಳ್ಳದೆ ಶೌಚದ ಪಿಟ್ಟಿನ ಓವರ್‌ಫ್ಲೋ ಪೈಪನ್ನು ಮಳೆನೀರಿನ ತೋಡಿಗೆ ಬಿಟ್ಟ ಮನೆಗಳಿವೆ. ಹೆಸರು ಹೇಳುವುದಿಲ್ಲ.

ಮನೆ 18 · 11.40
ಹೇಳಿ ಸರ್, ನಮ್ಮದೂ ಉಂಟು. ಮನೆ ಕಟ್ಟುವಾಗ ಯುಜಿಡಿ ಬಂದಿರ್ಲಿಲ್ಲ. ಬಂದ ಮೇಲೆ ರಸ್ತೆ ಅಗೆಯುವ ಖರ್ಚು ಕೇಳಿ ಸುಮ್ಮನಾದೆವು. ಬೇಸಿಗೆಯಲ್ಲಿ ಎಂತದೂ ಬರುದಿಲ್ಲ ಅಂದ್ಕೊಂಡಿದ್ದೆ.

ಮನೆ 7 · 11.43
ಬರ್ತದೆ ಅಣ್ಣ. ನಮ್ಮ ಬಾವಿಗೆ.

ಸಂಘದ ಕಾರ್ಯದರ್ಶಿ · 12.20
ಗುಂಪಿನಲ್ಲಿ ಜಗಳ ಬೇಡ. ಒಂದೊಂದಾಗಿ ರಸ್ತೆ ಅಗೆಸಿದರೆ ದುಬಾರಿ. ಆ ಸಾಲಿನವರೆಲ್ಲ ಒಟ್ಟಿಗೆ ಅರ್ಜಿ ಹಾಕಿದರೆ ಒಂದೇ ಸಲ ಅಗೆದು ಮುಗಿಸಬಹುದು. ಮಳೆ ಶುರುವಾದರೆ ಅಗೆಯಲು ಬಿಡುವುದಿಲ್ಲ. ಅರ್ಜಿ ನಮೂನೆ ಇವತ್ತು ಸಂಜೆ ನನ್ನ ಮನೆಯ ಜಗಲಿಯಲ್ಲಿ ಸಿಗುತ್ತದೆ. ನಮ್ಮ ಪೈಪು ನಾವು ಸರಿ ಮಾಡಿಕೊಳ್ಳದೆ ಅಧಿಕಾರಿಯ ಎದುರು ಹೋದರೆ ಅವರು ಮೊದಲು ತೋರಿಸುವುದು ಅದನ್ನೇ.

ಮನೆ 18 · 12.31
ನಾನು ಸಹಿ ಹಾಕ್ತೇನೆ. ಟೀಚರ್ ಅರ್ಜಿಗೂ, ಇದಕ್ಕೂ.

ಹೋಂಸ್ಟೇ, ಮನೆ 30 · 12.50
ಪರೀಕ್ಷೆಯ ಅರ್ಧ ಖರ್ಚು ನನ್ನದು. ಐಸ್ ಪೆಟ್ಟಿಗೆ ನನ್ನ ಹತ್ರ ಎರಡು ಉಂಟು, ಮೀನಿನದ್ದು. ತೊಳೆದು ತರ್ತೇನೆ.

ಟೀಚರ್, ಮನೆ 3 · 12.52
ಚೆನ್ನಾಗಿ ತೊಳೀರಿ ಮಾರಾಯ್ರೆ.

ಕಯಾಕ್ ಹುಡುಗ · 13.05
ಪೈಪಿನ ಬಾಯಿಗೆ ದೋಣಿಯಲ್ಲಿ ಹೋಗ್ಲಿಕ್ಕಾಗುದಿಲ್ಲ, ಇಳಿತಕ್ಕೆ ತಳ ತಾಗ್ತದೆ. ಗಮ್‌ಬೂಟ್ ಇದ್ದವರು ತನ್ನಿ. ಆರೂ ನಲವತ್ತಕ್ಕೆ ಅಶ್ವತ್ಥಕಟ್ಟೆ ಹತ್ರ.

ಮನೆ 22 · 13.11
ಭಾನುವಾರಕ್ಕೆ ಬೇಕಾದ ಬಾಟಲಿ ತರ್ಬೇಕು, ಪ್ರಯೋಗಾಲಯ ಇವತ್ತು ಮೂರು ಗಂಟೆವರೆಗೆ ಮಾತ್ರ ತೆರೆದಿರ್ತದಂತೆ. ನಾಳೆ ಮಾದರಿ ತಗೊಳ್ಳುವವರು ಯಾರಾದ್ರೂ ಇದ್ದಾರಾ ಅಂತಲೂ ಕೇಳ್ಬೇಕು. ಪೇಟೆ ಕಡೆ ಈಗ ಯಾರಿದ್ದೀರಿ?